ಗ್ರಂಥಾಲಯದ ಸರ್ವರ್ ತುಂಬಿದೆ: ಹಳೆಯ ಪತ್ರಿಕೆಗಳ ಸ್ಕ್ಯಾನ್ ಕಳೆದುಕೊಳ್ಳದೆ ಡಿಸ್ಕ್ ಬದಲಾಯಿಸುವುದು ಹೇಗೆ?

ಪುಸ್ತಕದ_ಕಪಾಟು · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಹಳೆಯ ಕನ್ನಡ ಪತ್ರಿಕೆಗಳನ್ನು ಆರು ವರ್ಷಗಳಿಂದ ಸ್ಕ್ಯಾನ್ ಮಾಡಿ ಒಂದು ಡೆಬಿಯನ್ ಸರ್ವರ್‌ನಲ್ಲಿ ಇಡುತ್ತಿದ್ದೇವೆ. ನಾಲ್ಕು ಟ್ರೇಗಳ ಯಂತ್ರ, ಅದರಲ್ಲಿ ಎರಡು ಮಾತ್ರ ಬಳಕೆಯಲ್ಲಿವೆ: 2 ಟಿಬಿಯ ಎರಡು ಡಿಸ್ಕ್‌ಗಳು, ಎಂಡಿಎಡಿಎಂ ರೇಡ್ 1 (ಎರಡೂ ಡಿಸ್ಕ್‌ಗಳಲ್ಲಿ ಒಂದೇ ಪ್ರತಿ), ಅದರ ಮೇಲೆ ಎಲ್‌ವಿಎಂ (ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಪದರ). ಡೆಬಿಯನ್ ವ್ಯವಸ್ಥೆ ಇರುವ ರೂಟ್ 60 ಜಿಬಿ, ಎಕ್ಸ್ಟ್4 ಕಡತ ವ್ಯವಸ್ಥೆ. ಸ್ಕ್ಯಾನ್‌ಗಳಿರುವ ಭಾಗ 1.7 ಟಿಬಿ, ಎಕ್ಸ್‌ಎಫ್‌ಎಸ್. ರೂಟ್ ಶೇ. 96 ತುಂಬಿದೆ, ಸ್ಕ್ಯಾನ್ ಭಾಗ ಶೇ. 97.

8 ಟಿಬಿಯ ಎರಡು ಹೊಸ ಡಿಸ್ಕ್‌ಗಳು ಬಂದಿವೆ. ನನ್ನ ಯೋಜನೆ ಹೀಗಿದೆ. ಇಂದು ರಾತ್ರಿ ಸ್ಕ್ಯಾನ್ ಭಾಗವನ್ನು 40 ಜಿಬಿ ಕುಗ್ಗಿಸಿ ರೂಟ್‌ಗೆ ಕೊಡುತ್ತೇನೆ. ಶನಿವಾರ ಒಂದು ಹಳೆಯ ಡಿಸ್ಕನ್ನು ತೆಗೆದು, ಅದರ ವಿಭಜನಾ ಪಟ್ಟಿಯನ್ನೇ (ಪಾರ್ಟಿಶನ್ ಟೇಬಲ್) ಹೊಸ ಡಿಸ್ಕಿಗೆ ನಕಲಿಸಿ, ರೇಡ್‌ಗೆ ಸೇರಿಸುತ್ತೇನೆ. ಸಿಂಕ್ ಮುಗಿದ ಮೇಲೆ ಎರಡನೆಯದು. ಸರಿ ಇದೆಯೇ? ಈ ಪತ್ರಿಕೆಗಳಲ್ಲಿ ಕೆಲವು ಬೇರೆಲ್ಲಿಯೂ ಸಿಗುವುದಿಲ್ಲ, ಆದ್ದರಿಂದ ಕೈ ನಡುಗುತ್ತಿದೆ.

ಹುಬ್ಬಳ್ಳಿ_ಅಡ್ಮಿನ್ · ರಾತ್ರಿ 9:20

ಇಂದು ರಾತ್ರಿ ಏನನ್ನೂ ಮಾಡಬೇಡಿ. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗುವುದಿಲ್ಲ.

ರಾತ್ರಿಪಾಳಿ · ರಾತ್ರಿ 9:31

ಹುಬ್ಬಳ್ಳಿಯವರ ಮಾತಿಗೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ವಾಲ್ಯೂಮ್ ಕುಗ್ಗಿಸುವ ಎಲ್‌ವಿರೆಡ್ಯೂಸ್ ಎಂಬ ಆಜ್ಞೆಗೆ, ಹಳೆಯ ಆವೃತ್ತಿಗಳಲ್ಲಿ, ತಾನು ಕತ್ತರಿಸುತ್ತಿರುವ ಜಾಗದಲ್ಲಿ ಕಡತಗಳಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಚ್ಚರಿಕೆ ತೋರಿಸುತ್ತಿತ್ತು, ನೀವು ವೈ (ಹೌದು) ಒತ್ತಿದರೆ ಬಾಲ ಕತ್ತರಿಸಿಯೇ ಬಿಡುತ್ತಿತ್ತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಹಾಗೆ ವೈ ಒತ್ತಿದ್ದೆ. ಮರುಕ್ಷಣವೇ ಅಂಗೈ ಬೆವರಿತು. ಅದೃಷ್ಟಕ್ಕೆ ಪಕ್ಕದಲ್ಲಿದ್ದ ಹಿರಿಯರು ಕೀಬೋರ್ಡಿನಿಂದ ನನ್ನ ಕೈ ಸರಿಸಿ, ಇಟಿಸಿಯೊಳಗೆ ಎಲ್‌ವಿಎಂ ಆರ್ಕೈವ್ ಎಂಬ ಡೈರೆಕ್ಟರಿ ತೆರೆದರು. ಎಲ್‌ವಿಎಂ ಪ್ರತಿ ಬದಲಾವಣೆಗೂ ಮೊದಲು ಹಿಂದಿನ ನಕ್ಷೆಯನ್ನು ಅಲ್ಲಿ ಬರೆದಿಟ್ಟಿರುತ್ತದೆ. ವಿಜಿಸಿಎಫ್‌ಜಿರಿಸ್ಟೋರ್ ಮೂಲಕ ಆ ನಕ್ಷೆಯನ್ನು ಮರಳಿ ತಂದರು. ಕತ್ತರಿಸಿದ ಜಾಗದ ಮೇಲೆ ಇನ್ನೂ ಯಾರೂ ಬರೆದಿರಲಿಲ್ಲವಾದ್ದರಿಂದ ಎಲ್ಲವೂ ಉಳಿಯಿತು. ನೀವಾಗಿದ್ದರೆ ಆ 40 ಜಿಬಿಯನ್ನು ತಕ್ಷಣವೇ ರೂಟ್‌ಗೆ ಕೊಟ್ಟಿರುತ್ತಿದ್ದಿರಿ. ಆಗ ಮರಳುವ ದಾರಿಯೇ ಇರುತ್ತಿರಲಿಲ್ಲ.

ತುಂಗೆಯ_ದಡ · ರಾತ್ರಿ 9:38

ಕುಗ್ಗಿಸುವ ಪ್ರಶ್ನೆ ಬಂದಾಗಲೆಲ್ಲ ಕ್ರಮ ನೆನಪಿಡಿ: ಹಿಗ್ಗಿಸುವಾಗ ಮೊದಲು ವಾಲ್ಯೂಮ್, ಆಮೇಲೆ ಕಡತ ವ್ಯವಸ್ಥೆ. ಕುಗ್ಗಿಸುವಾಗ ಮೊದಲು ಕಡತ ವ್ಯವಸ್ಥೆ, ಆಮೇಲೆ ವಾಲ್ಯೂಮ್. ಎಕ್ಸ್ಟ್4 ಆದರೂ ಕುಗ್ಗಿಸಲು ಅನ್‌ಮೌಂಟ್ ಮಾಡಲೇಬೇಕು, ಅಂದರೆ ಬಳಕೆಯಿಂದ ಬಿಡಿಸಬೇಕು.

ಮ್ಯೂನಿಕ್_ಮಲ್ಲಿಗೆ · ರಾತ್ರಿ 9:55

ಎರಡನೆಯ ತೊಂದರೆಯನ್ನು ಯಾರೂ ಹೇಳಲಿಲ್ಲ. ಹಳೆಯ ಡಿಸ್ಕಿನ ವಿಭಜನಾ ಪಟ್ಟಿ ಎಂಬಿಆರ್ ಮಾದರಿಯದೇ? ಹಾಗಿದ್ದರೆ ಅದನ್ನು ಹೊಸ ಡಿಸ್ಕಿಗೆ ನಕಲಿಸಿದರೆ 8 ಟಿಬಿಯಲ್ಲಿ ಸುಮಾರು 2.2 ಟಿಬಿಯ ಆಚೆಗೆ ಏನೂ ಸಿಗುವುದಿಲ್ಲ. ಎಂಬಿಆರ್ ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. ಒಂದು ಸೆಕ್ಟರ್ 512 ಬೈಟ್, ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಹೊಸದಕ್ಕೆ ಜಿಪಿಟಿ ಎಂಬ ಮಾದರಿಯ ಪಟ್ಟಿ ಬೇಕು.

ಜಿಪಿಟಿಗೆ ಹೋದರೆ ಬೂಟ್ ಪ್ರಶ್ನೆ ಏಳುತ್ತದೆ. ಯಂತ್ರ ಹಳೆಯ ಬಯಾಸ್‌ನಿಂದ ಏಳುವುದಾದರೆ ಯಂತ್ರವನ್ನು ಎಬ್ಬಿಸುವ ಗ್ರಬ್‌ಗೆಂದು 1 ಎಂಬಿಯ ಪುಟ್ಟ ವಿಭಾಗವೊಂದನ್ನು ಬಿಡಬೇಕು, ಗ್ರಬ್ಬನ್ನು ಎರಡೂ ಡಿಸ್ಕ್‌ಗಳಲ್ಲಿ ಸ್ಥಾಪಿಸಬೇಕು. ಎರಡು ಡಿಸ್ಕ್‌ಗಳ ರೇಡ್ ಇದ್ದೂ ಗ್ರಬ್ ಒಂದರಲ್ಲೇ ಇದ್ದ ಸರ್ವರ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಒಂದು ಡಿಸ್ಕ್ ಕೆಟ್ಟ ದಿನ ಮಾಹಿತಿಯೆಲ್ಲ ಸುರಕ್ಷಿತವಾಗಿತ್ತು, ಯಂತ್ರ ಮಾತ್ರ ಏಳಲಿಲ್ಲ.

ಹುಬ್ಬಳ್ಳಿ_ಅಡ್ಮಿನ್ · ರಾತ್ರಿ 10:04

ಮೂರನೆಯದು ನನ್ನಿಂದ. ಒಂದು ಡಿಸ್ಕ್ ತೆಗೆದ ಕ್ಷಣದಿಂದ ಸಿಂಕ್ ಮುಗಿಯುವವರೆಗೆ ನಿಮ್ಮ ಕೈಯಲ್ಲಿರುವುದು ಒಂದೇ ಪ್ರತಿ, ಅದೂ ಆರು ವರ್ಷ ತಿರುಗಿದ ಡಿಸ್ಕಿನ ಮೇಲೆ. ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವ ಸಿಂಕ್ ಸಮಯದಲ್ಲೇ ಅದರಲ್ಲಿ ಅಡಗಿದ್ದ ಕೆಟ್ಟ ಸೆಕ್ಟರ್‌ಗಳು ಹೊರಬರುತ್ತವೆ. ಎರಡು ಟ್ರೇ ಖಾಲಿ ಇರುವಾಗ ಏಕೆ ತೆಗೆಯಬೇಕು? ಹೊಸ ಎರಡನ್ನೂ ಸೇರಿಸಿ ಇನ್ನೊಂದು ರೇಡ್ 1 ಕಟ್ಟಿ. ಅದನ್ನು ವಾಲ್ಯೂಮ್ ಗುಂಪಿಗೆ ಸೇರಿಸಿ, ಪಿವಿಮೂವ್ ಎಂಬ ಎಲ್‌ವಿಎಂ ಆಜ್ಞೆಯಿಂದ ಸ್ಕ್ಯಾನ್ ವಾಲ್ಯೂಮನ್ನು ಮಾತ್ರ ಹೊಸ ರೇಡ್‌ಗೆ ಸಾಗಿಸಿ. ಗ್ರಂಥಾಲಯ ಒಂದು ನಿಮಿಷವೂ ನಿಲ್ಲುವುದಿಲ್ಲ. ಹಳೆಯ ರೇಡ್‌ನಲ್ಲಿ 1.7 ಟಿಬಿ ಖಾಲಿಯಾಗುತ್ತದೆ, ರೂಟ್‌ಗೆ ಬೇಕಾದಷ್ಟು ಅಲ್ಲಿಂದ ಕೊಡಿ. ಕುಗ್ಗಿಸುವ ಮಾತೇ ಇಲ್ಲ, ಗ್ರಬ್ ಕೂಡ ಇದ್ದಲ್ಲೇ ಇರುತ್ತದೆ.

ಪುಸ್ತಕದ_ಕಪಾಟು · ರಾತ್ರಿ 10:11

ಕುಗ್ಗಿಸದೆಯೇ ರೂಟ್‌ಗೆ ಜಾಗ ಸಿಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಪಿವಿಮೂವ್ ನಡುವೆ ಕರೆಂಟ್ ಹೋದರೆ? ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದರೆ ಅರ್ಧ ದಿನ ಕತ್ತಲು. ಯುಪಿಎಸ್ ಹೆಚ್ಚೆಂದರೆ 20 ನಿಮಿಷ ತಡೆಯುತ್ತದೆ.

ಹುಬ್ಬಳ್ಳಿ_ಅಡ್ಮಿನ್ · ರಾತ್ರಿ 10:15

ಸಾಗಿದಷ್ಟನ್ನು ಅದು ಆಗಾಗ ಗುರುತಿಟ್ಟುಕೊಳ್ಳುತ್ತದೆ. ಯಂತ್ರ ಎದ್ದ ಮೇಲೆ ಬರೀ ಪಿವಿಮೂವ್ ಎಂದು ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಲಿಪಿಕಾರ · ರಾತ್ರಿ 10:40

ಹುಬ್ಬಳ್ಳಿಯವರ ಜ್ಞಾನದ ಬಗ್ಗೆ ಗೌರವವಿದೆ, ಆದರೆ ಈ ಪ್ರಕರಣಕ್ಕೆ ಪಿವಿಮೂವ್ ಬೇಡವೇ ಬೇಡ. ಅದು ಸಾಗಿಸುತ್ತದೆ, ಹಿಂದೆ ಪ್ರತಿ ಉಳಿಸುವುದಿಲ್ಲ. ಕೆಲಸ ಮುಗಿದಾಗ ಹಳೆಯ ಡಿಸ್ಕಿನ ಜಾಗ ಖಾಲಿ ಎಂದು ಎಲ್‌ವಿಎಂ ಲೆಕ್ಕ ಹಾಕಿರುತ್ತದೆ. ಹೊಸ ಡಿಸ್ಕ್‌ಗಳಲ್ಲಿ ತಯಾರಿಕೆಯ ದೋಷವಿದ್ದರೆ ಎಲ್ಲಿಗೆ ಮರಳುವುದು? ಒಂದೇ ಪೆಟ್ಟಿಗೆಯಿಂದ ಬಂದ ಜೋಡಿ ಡಿಸ್ಕ್‌ಗಳು ಒಂದೇ ತಿಂಗಳಲ್ಲಿ ಕೆಟ್ಟಿದ್ದನ್ನು ನಾನು ನೋಡಿದ್ದೇನೆ.

ಇದು ಬ್ಯಾಂಕ್ ಅಲ್ಲ, ಗ್ರಂಥಾಲಯ. ಒಂದು ಭಾನುವಾರ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ. ಹೊಸ ರೇಡ್‌ನಲ್ಲಿ ಬೇರೆಯದೇ ವಾಲ್ಯೂಮ್ ಗುಂಪು ಮಾಡಿ, ಹೊಸ ಎಕ್ಸ್‌ಎಫ್‌ಎಸ್ ಹಾಕಿ, ಆರ್‌ಸಿಂಕ್ ಎಂಬ ನಕಲು ಉಪಕರಣದಿಂದ ನಕಲಿಸಿ. ಹಳೆಯದರ ಒಂದು ಬಿಟ್ ಕೂಡ ಬದಲಾಗುವುದಿಲ್ಲ. ಏನಾದರೂ ಎಡವಟ್ಟಾದರೆ ಯಾವುದು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಹಿಂತಿರುಗಿಸಿದರೆ ಸಾಕು, ನಿನ್ನೆಯ ಸ್ಥಿತಿಗೆ ಮರಳುತ್ತೀರಿ.

ಹುಬ್ಬಳ್ಳಿ_ಅಡ್ಮಿನ್ · ರಾತ್ರಿ 10:52

ಕೆಲಸ ನಿಲ್ಲಿಸಬಾರದ ಕಡೆ ನಾನು ಇಪ್ಪತ್ತು ಬಾರಿಯಾದರೂ ಪಿವಿಮೂವ್ ಮಾಡಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ. ಬ್ಯಾಕಪ್ ಇದ್ದರೆ ಹಿಂದಿರುಗುವ ದಾರಿಯೂ ಇರುತ್ತದೆ.

ಲಿಪಿಕಾರ · ರಾತ್ರಿ 10:55

ಬ್ಯಾಕಪ್ ಇದೆಯೇ ಎಂದು ಅವರನ್ನು ಕೇಳಿದಿರಾ?

ಪುಸ್ತಕದ_ಕಪಾಟು · ರಾತ್ರಿ 11:03

ಒಂದು ಯುಎಸ್‌ಬಿ ಡಿಸ್ಕ್ ಇದೆ. ಕಳೆದ ಬೇಸಿಗೆ ರಜೆಯಲ್ಲಿ ನಕಲಿಸಿದ್ದು. ಅದರಿಂದ ಮರಳಿ ತೆಗೆದು ನೋಡಿಲ್ಲ. ರೇಡ್ ಇದೆಯಲ್ಲ ಎಂಬ ಧೈರ್ಯ ಇತ್ತು.

ಲಿಪಿಕಾರ · ರಾತ್ರಿ 11:06

ರೇಡ್ 1 ನೀವು ಅಳಿಸಿದ್ದನ್ನು ಎರಡೂ ಡಿಸ್ಕ್‌ಗಳಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಡಿಸ್ಕ್ ಕೆಟ್ಟರೆ ಯಂತ್ರ ನಿಲ್ಲದಿರಲಿ ಎಂದು ಅದು ಇರುವುದು. ನಾಳೆಯೇ ಆ ಯುಎಸ್‌ಬಿ ಡಿಸ್ಕನ್ನು ಬೇರೆ ಗಣಕಕ್ಕೆ ಸಿಕ್ಕಿಸಿ, ಐವತ್ತು ಪುಟ ತೆರೆದು ನೋಡಿ.

ಮ್ಯೂನಿಕ್_ಮಲ್ಲಿಗೆ · ರಾತ್ರಿ 11:20

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ನಡೆದದ್ದನ್ನು ಹೊಸಬರು ಓದಲೇಬೇಕು. ಎರಡನೆಯ ಡೇಟಾಬೇಸ್ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೈರೆಕ್ಟರಿಯನ್ನು ಎಂಜಿನಿಯರ್ ಒಬ್ಬರು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಪ್ರತಿದಿನದ ಬ್ಯಾಕಪ್ ಹುಡುಕಿದರೆ ಅದೂ ಇಲ್ಲ. ಡೇಟಾಬೇಸ್ 9.6ನೆಯ ಆವೃತ್ತಿ, ಬ್ಯಾಕಪ್ ತೆಗೆಯುವ ಉಪಕರಣ 9.2, ಆದ್ದರಿಂದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ಹೇಳುವ ಇಮೇಲ್‌ಗಳೂ ತಲುಪಿರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್ (ವಾಲ್ಯೂಮ್‌ನ ಆ ಕ್ಷಣದ ಸ್ಥಿತಿ). ಆ ಸಂಸ್ಥೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿತು, ಅದಕ್ಕೆ ನನ್ನ ಮೆಚ್ಚುಗೆ ಇದೆ.

ಕಾಫಿತೋಟ · ರಾತ್ರಿ 11:27

ಹಾಗಾದರೆ ಇವರೂ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡು ಕೆಲಸ ಶುರು ಮಾಡಬಹುದಲ್ಲವೇ?

ತುಂಗೆಯ_ದಡ · ರಾತ್ರಿ 11:33

ಇವರ ವಾಲ್ಯೂಮ್ ಗುಂಪಿನಲ್ಲಿ ಜಾಗವೇ ಇಲ್ಲ. ಇದ್ದರೂ, ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನ ಮೇಲೆ. ಅದಕ್ಕೆ ಕೊಟ್ಟ ಜಾಗ ತುಂಬಿದರೆ ಸ್ನ್ಯಾಪ್‌ಶಾಟ್ ಅಸಿಂಧುವಾಗುತ್ತದೆ. ಅಳಿಸಿದ ಕಡತ ತರಲು ಒಳ್ಳೆಯದು, ಡಿಸ್ಕ್ ಕೆಟ್ಟರೆ ಪ್ರಯೋಜನವಿಲ್ಲ.

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 6:15

ಪಾಳಿ ಮುಗಿಸಿ ಬಂದು ಎಲ್ಲವನ್ನೂ ಓದಿದೆ. ನಾನು ಲಿಪಿಕಾರರ ಪಕ್ಷ. ಮೊದಲು ರೂಟ್‌ನ ಶೇ. 96ಕ್ಕೆ ತಾತ್ಕಾಲಿಕ ಪರಿಹಾರ ಹುಡುಕಿ, ಇಲ್ಲದಿದ್ದರೆ ಭಾನುವಾರಕ್ಕೆ ಮೊದಲೇ ಯಂತ್ರ ಮುಗ್ಗರಿಸುತ್ತದೆ. ಜರ್ನಲ್ ದಾಖಲೆಗಳು ಎಷ್ಟಿವೆ ನೋಡಿ. ಆಪ್ಟ್ ಇಳಿಸಿಕೊಂಡ ಹಳೆಯ ಪ್ಯಾಕೇಜ್‌ಗಳನ್ನು ತೆಗೆಯಿರಿ. ಡಿಎಫ್ (ಡಿಸ್ಕಿನ ಒಟ್ಟು ಬಳಕೆ) ಹೇಳುವುದಕ್ಕೂ ಡಿಯು (ಕಡತಗಳ ಗಾತ್ರದ ಮೊತ್ತ) ಹೇಳುವುದಕ್ಕೂ ತಾಳೆಯಾಗದಿದ್ದರೆ, ಅಳಿಸಿದ ಕಡತವನ್ನು ಯಾವುದೋ ಪ್ರಕ್ರಿಯೆ ಇನ್ನೂ ಹಿಡಿದುಕೊಂಡಿದೆ ಎಂದರ್ಥ. ಎಲ್‌ಎಸ್‌ಒಎಫ್ ಅದನ್ನು ತೋರಿಸುತ್ತದೆ.

ಕಾಫಿತೋಟ · ಬೆಳಿಗ್ಗೆ 7:02

ಎಕ್ಸ್ಟ್4 ಶೇ. 5ರಷ್ಟು ಜಾಗವನ್ನು ಕಾಯ್ದಿರಿಸುತ್ತದೆ. ಅದನ್ನು ಸೊನ್ನೆಗೆ ಇಳಿಸಿದರೆ 3 ಜಿಬಿ ಕೂಡಲೇ ಸಿಗುತ್ತದೆ.

ರಾತ್ರಿಪಾಳಿ · ಬೆಳಿಗ್ಗೆ 7:05

ಮಾಹಿತಿ ಡಿಸ್ಕ್ ಆಗಿದ್ದರೆ ಒಪ್ಪುತ್ತಿದ್ದೆ. ರೂಟ್‌ನಲ್ಲಿ ಬೇಡ. ಡಿಸ್ಕ್ ತುಂಬಿದ ದಿನ ಒಳಗೆ ಬಂದು ಸರಿಪಡಿಸಲು ಉಳಿಯುವ ಉಸಿರು ಅದೇ.

ಪುಸ್ತಕದ_ಕಪಾಟು · ಮಂಗಳವಾರ, ಸಂಜೆ 6:48

ಜರ್ನಲ್ 4 ಜಿಬಿ ಇತ್ತು. ಅಳಿಸಿದ ಒಂದು ದಾಖಲೆ ಕಡತವನ್ನು ವೆಬ್ ಸರ್ವರ್ ಹಿಡಿದುಕೊಂಡಿತ್ತು, ಅದೊಂದೇ 11 ಜಿಬಿ. ರೂಟ್ ಈಗ ಶೇ. 71. ಯುಎಸ್‌ಬಿ ಡಿಸ್ಕ್ ತೆರೆಯಿತು, ಪುಟಗಳೂ ಸರಿ ಇವೆ, ಆದರೆ ಜೂನ್‌ನಿಂದ ಈಚೆಗಿನವು ಇಲ್ಲ. ಇಂದು ಅದನ್ನೂ ಸೇರಿಸುತ್ತಿದ್ದೇನೆ. ಆರ್‌ಸಿಂಕ್ ದಾರಿಯನ್ನೇ ಹಿಡಿಯುತ್ತೇನೆ. ಹುಬ್ಬಳ್ಳಿಯವರು ಬೇಸರಿಸಬಾರದು.

ಹುಬ್ಬಳ್ಳಿ_ಅಡ್ಮಿನ್ · ಸಂಜೆ 7:10

ಬೇಸರವೇನಿಲ್ಲ. ಹಳೆಯ ಪ್ರತಿ ಹಾಗೆಯೇ ಉಳಿಯುತ್ತದೆ ಎಂಬ ಲಿಪಿಕಾರರ ವಾದ ಒಪ್ಪಿದೆ. ನಕಲಿಸುವ ಮೊದಲು ಹೊಸ ಡಿಸ್ಕ್‌ಗಳನ್ನು ದುಡಿಸಿ ನೋಡಿ. ಸ್ಮಾರ್ಟ್‌ನ (ಡಿಸ್ಕಿನ ಸ್ವಂತ ಆರೋಗ್ಯ ತಪಾಸಣೆ) ದೀರ್ಘ ಪರೀಕ್ಷೆ ಮಾಡಿ, ಆಮೇಲೆ ಬ್ಯಾಡ್‌ಬ್ಲಾಕ್ಸ್‌ನ ಬರೆಯುವ ಪರೀಕ್ಷೆ. 8 ಟಿಬಿಗೆ ಬ್ಲಾಕ್ ಗಾತ್ರ 4096 ಎಂದು ಕೊಡಲೇಬೇಕು, ತಾನಾಗಿ ಹಿಡಿಯುವ 1024ರಲ್ಲಿ ಎಣಿಕೆ 32 ಬಿಟ್ ಮೀರಿ ನಿಂತುಬಿಡುತ್ತದೆ. ನಾಲ್ಕು ಬಾರಿ ಬರೆದು ನಾಲ್ಕು ಬಾರಿ ಓದುತ್ತದೆ, ನಾಲ್ಕೈದು ದಿನ ಹಿಡಿಯಬಹುದು. ಮುಖ್ಯವಾದ ಮಾತು: ಆ ಪರೀಕ್ಷೆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ. ಯಾವ ಡಿಸ್ಕಿಗೆ ಕೊಡುತ್ತಿದ್ದೀರಿ ಎಂದು ಮೂರು ಸಲ ನೋಡಿ.

ಮ್ಯೂನಿಕ್_ಮಲ್ಲಿಗೆ · ಸಂಜೆ 7:31

ಇಲ್ಲಿ ಸ್ವಲ್ಪ ನಿಲ್ಲೋಣ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ. ಯಂತ್ರ ಏಳುವಾಗ ಯಾವ ಡಿಸ್ಕ್ ಮೊದಲು ಉತ್ತರಿಸಿತೋ ಅದಕ್ಕೆ ಆ ಹೆಸರು. ಇಂದಿನ ಎಸ್‌ಡಿಬಿ ನಾಳೆ ಎಸ್‌ಡಿಡಿ ಆಗಬಹುದು. ಡಿಸ್ಕನ್ನು ಅದರ ಸರಣಿ ಸಂಖ್ಯೆಯಿಂದಲೇ ಗುರುತಿಸಿ. ಡೆವ್ ಒಳಗೆ ಬೈ-ಐಡಿ ಎಂಬ ಡೈರೆಕ್ಟರಿಯಲ್ಲಿ ಪ್ರತಿ ಡಿಸ್ಕೂ ತನ್ನ ಮಾದರಿ ಮತ್ತು ಸರಣಿ ಸಂಖ್ಯೆಯ ಹೆಸರಿನಲ್ಲಿ ಇರುತ್ತದೆ, ಆಜ್ಞೆಗಳಿಗೆ ಆ ಹೆಸರನ್ನೇ ಕೊಡಿ.

ಟ್ರೇಗೆ ಡಿಸ್ಕ್ ಕೂರಿಸುವ ಮೊದಲು ಅದರ ಲೇಬಲ್‌ನ ಫೋಟೊ ತೆಗೆಯಿರಿ. ಸರಣಿ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಟ್ರೇಯ ಹಿಡಿಗೆ ಅಂಟಿಸಿ. ಗಾಳಿ ಹೋಗುವ ಜಾಲರಿ ಮುಚ್ಚದಂತೆ ನೋಡಿಕೊಳ್ಳಿ. ಹಳೆಯ ಎರಡಕ್ಕೂ ಹಾಗೆಯೇ ಮಾಡಬೇಕು, ಅದಕ್ಕಾಗಿ ಯಂತ್ರವನ್ನು ಒಮ್ಮೆ ಕ್ರಮವಾಗಿ ಆರಿಸಿಯೇ ಹೊರಗೆಳೆಯಿರಿ.

ತುಂಗೆಯ_ದಡ · ಸಂಜೆ 7:44

ಹಳೆಯ ರೇಡ್ ಮೇಲೆ ಒಮ್ಮೆ ಚೆಕ್ ಓಡಿಸಿ. ಎರಡು ಡಿಸ್ಕ್‌ಗಳ ಪ್ರತಿ ಬ್ಲಾಕನ್ನೂ ಹೋಲಿಸಿ, ವ್ಯತ್ಯಾಸವಿದ್ದರೆ ಮಿಸ್‌ಮ್ಯಾಚ್ ಎಣಿಕೆಯಲ್ಲಿ ತೋರಿಸುತ್ತದೆ. ಡೆಬಿಯನ್ ತಿಂಗಳಿಗೊಮ್ಮೆ ತಾನೇ ಮಾಡುತ್ತದೆ, ಆದರೆ ಆ ಎಣಿಕೆಯನ್ನು ಎಷ್ಟು ಜನ ನೋಡುತ್ತಾರೆ? ಎರಡು ಪ್ರತಿಗಳು ಬೇರೆಯಾಗಿದ್ದರೆ ಯಾವುದು ಸರಿ ಎಂದು ರೇಡ್ 1ಕ್ಕೆ ಗೊತ್ತಿರುವುದಿಲ್ಲ. ಎಕ್ಸ್‌ಎಫ್‌ಎಸ್ ಕೂಡ ತನ್ನ ಲೆಕ್ಕಪುಸ್ತಕಕ್ಕೆ ಮಾತ್ರ ಚೆಕ್‌ಸಮ್ (ಬದಲಾವಣೆ ಪತ್ತೆಹಚ್ಚುವ ಮೊತ್ತ) ಇಡುತ್ತದೆ, ನಿಮ್ಮ ಪುಟಗಳಿಗಲ್ಲ. ಆದ್ದರಿಂದ ಪ್ರತಿ ಕಡತದ ಎಸ್‌ಎಚ್‌ಎ 256 ಮೊತ್ತವನ್ನು ಒಂದು ಪಟ್ಟಿಯಾಗಿ ಬರೆದಿಟ್ಟುಕೊಂಡು, ನಕಲಿಸಿದ ಮೇಲೆ ಹೊಸದರಲ್ಲಿ ತಾಳೆ ನೋಡಿ.

ಪತ್ರಾಗಾರ_ಪ್ರಿಯೆ · ಸಂಜೆ 8:20

ಡಿಸ್ಕಿನ ವಿಷಯ ನನಗೆ ಹೆಚ್ಚು ತಿಳಿಯದು, ಸ್ಕ್ಯಾನ್ ಬಗ್ಗೆ ಕೇಳುತ್ತೇನೆ. ಯಾವ ಮಾದರಿಯಲ್ಲಿ ಉಳಿಸುತ್ತಿದ್ದೀರಿ? ಎ4 ಪುಟವನ್ನು 600 ಡಿಪಿಐ ಬಣ್ಣದಲ್ಲಿ, ಕುಗ್ಗಿಸದ ಟಿಫ್ ಆಗಿ ಉಳಿಸಿದರೆ ಪುಟಕ್ಕೆ ಸುಮಾರು 100 ಎಂಬಿ. ಅದೇ ಪುಟ 400 ಡಿಪಿಐ ಬೂದುಬಣ್ಣದಲ್ಲಿ 15 ಎಂಬಿ ಸುಮಾರು. ಮುಖಪುಟ, ಚಿತ್ರಗಳಿಗೆ ಬಣ್ಣ ಸರಿ. ಬರೀ ಅಕ್ಷರಗಳ ಒಳಪುಟಕ್ಕೂ 600 ಬೇಕೇ?

ಪುಸ್ತಕದ_ಕಪಾಟು · ಸಂಜೆ 8:34

ಮೇಡಂ, ಎಲ್ಲವೂ 600 ಬಣ್ಣವೇ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಅದರ ಕಲೆಗಳೂ ದಾಖಲೆಯೇ ಎಂದು ನಮ್ಮ ಹಿರಿಯ ಗ್ರಂಥಪಾಲಕರು ಹೇಳುತ್ತಿದ್ದರು.

ಪತ್ರಾಗಾರ_ಪ್ರಿಯೆ · ಸಂಜೆ 8:41

ಅವರ ಮಾತು ನಿಜ. ಹಾಗಾದರೆ ಎಲ್‌ಜೆಡ್‌ಡಬ್ಲ್ಯೂ ಸಂಕೋಚನವನ್ನಾದರೂ ಬಳಸಿ, ಒಂದು ಬಿಂದುವೂ ನಷ್ಟವಾಗುವುದಿಲ್ಲ. ಆದರೆ ಈ ಸ್ಥಳಾಂತರ ಮುಗಿಯುವವರೆಗೆ ಅದಕ್ಕೆ ಕೈ ಹಾಕಬೇಡಿ, ಚೆಕ್‌ಸಮ್ ತಾಳೆ ಕೆಡುತ್ತದೆ.

ಲಿಪಿಕಾರ · ಸಂಜೆ 9:00

ಮೇಡಂ ಹೇಳಿದ ಕೊನೆಯ ಮಾತು ಬಹಳ ಮುಖ್ಯ. ಒಂದು ಸಲಕ್ಕೆ ಒಂದೇ ಬದಲಾವಣೆ.

ಆರ್‌ಸಿಂಕ್ ಬಗ್ಗೆ ನಾಲ್ಕು ಮಾತು. ಎಸ್‌ಎಸ್‌ಎಚ್ ಕಡಿದರೂ ಕೆಲಸ ನಿಲ್ಲದಂತೆ ಟಿಮಕ್ಸ್ (ಸಂಪರ್ಕ ಹೋದರೂ ಉಳಿಯುವ ಟರ್ಮಿನಲ್) ಒಳಗೆ ಓಡಿಸಿ. ಹಾರ್ಡ್ ಲಿಂಕ್, ಎಸಿಎಲ್, ವಿಸ್ತೃತ ಗುಣಗಳನ್ನು ಒಯ್ಯುವ ಆಯ್ಕೆಗಳನ್ನೂ ಕೊಡಿ. ಮೂಲ ಡೈರೆಕ್ಟರಿಯ ಹೆಸರಿನ ಕೊನೆಗೆ ಓರೆಗೆರೆ ಹಾಕಿದರೆ ಒಳಗಿರುವುದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಡೈರೆಕ್ಟರಿಯೇ ಹೋಗಿ ಒಂದರೊಳಗೊಂದು ಕೂರುತ್ತದೆ. ಮೊದಲ ಸುತ್ತು ಸರ್ವರ್ ನಡೆಯುತ್ತಿರುವಾಗಲೇ ಆಗಲಿ. 150 ಎಂಬಿ ವೇಗ ಸಿಕ್ಕರೆ 1.7 ಟಿಬಿಗೆ ಮೂರು ಗಂಟೆಗೂ ಸ್ವಲ್ಪ ಹೆಚ್ಚು. ಭಾನುವಾರ ಕಡತ ಹಂಚುವ ಸ್ಯಾಂಬಾ ಸೇವೆ ನಿಲ್ಲಿಸಿ, ಹಳೆಯದನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿ, ಎರಡನೆಯ ಸುತ್ತು. ಅದು ನಿಮಿಷಗಳಲ್ಲಿ ಮುಗಿಯುತ್ತದೆ.

ಕಾಫಿತೋಟ · ಸಂಜೆ 9:12

ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಹಾಕಿದ್ದರೆ ಚೆಕ್‌ಸಮ್ ಎಲ್ಲವೂ ತಾನಾಗಿಯೇ ಆಗುತ್ತಿತ್ತು.

ಹುಬ್ಬಳ್ಳಿ_ಅಡ್ಮಿನ್ · ಸಂಜೆ 9:15

ನಿಜ, ಹಾಕಬಹುದಿತ್ತು. ಆದರೆ ಅಲ್ಲಿಯೂ ಜೆಡ್‌ಪೂಲ್ ಅಟ್ಯಾಚ್ ಎನ್ನುವ ಕಡೆ ಆ್ಯಡ್ ಎಂದು ಬರೆದು, ಜೋಡಿಗೆ ಸೇರಬೇಕಿದ್ದ ಡಿಸ್ಕ್ ಒಂಟಿಯಾಗಿ ನಿಂತ ಕಥೆಗಳು ಬೇಕಾದಷ್ಟಿವೆ. ಗೊತ್ತಿಲ್ಲದ ಉಪಕರಣವನ್ನು ಒಂದೇ ಪ್ರತಿ ಇರುವ ದಿನ ಕಲಿಯುವುದು ಬೇಡ.

ರಾತ್ರಿಪಾಳಿ · ಬುಧವಾರ, ಬೆಳಿಗ್ಗೆ 6:30

ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ (ಕಡತ ವ್ಯವಸ್ಥೆಯ ಬದಲಾಗದ ಗುರುತು ಸಂಖ್ಯೆ) ಬರೆಯಿರಿ, ಜೊತೆಗೆ ನೋಫೇಲ್ ಆಯ್ಕೆ. ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಯಂತ್ರದ ಸೇವೆಗಳನ್ನು ಆರಂಭಿಸುವ ಸಿಸ್ಟಂಡಿ 90 ಸೆಕೆಂಡ್ ಕಾದು ತುರ್ತು ಸ್ಥಿತಿಗೆ ಹೋಗುತ್ತದೆ, ದೂರದಿಂದ ಒಳಗೆ ಬರಲಾಗುವುದಿಲ್ಲ. ಆದರೆ ನೋಫೇಲ್ ಹಾಕಿದರೆ ಇನ್ನೊಂದು ಅಪಾಯ. ಮೌಂಟ್ ಆಗದಿದ್ದರೂ ಖಾಲಿ ಡೈರೆಕ್ಟರಿ ಅಲ್ಲೇ ಇರುತ್ತದೆ, ಸ್ಕ್ಯಾನರ್ ಗಣಕ ಅದರೊಳಗೆ ಬರೆಯುತ್ತಾ ಹೋಗುತ್ತದೆ. ನಾನಿದ್ದ ಒಂದು ಕಡೆ ಹೀಗೆಯೇ ಇಡೀ ರಾತ್ರಿ ರೂಟ್‌ಗೆ ಬರೆದು, ಬೆಳಗಾಗುವಷ್ಟರಲ್ಲಿ ಯಂತ್ರ ನಿಂತಿತ್ತು. ಮೌಂಟ್ ಮಾಡುವ ಮೊದಲು ಆ ಖಾಲಿ ಡೈರೆಕ್ಟರಿಗೆ ಸಿಎಚ್‌ಆಟರ್‌ನಿಂದ ಬದಲಾಗದ ಗುರುತು ಹಾಕಿ. ಆಗ ಮೌಂಟ್ ಇಲ್ಲದಿದ್ದರೆ ಬರೆಯಲು ಹೋದವರಿಗೆ ತಕ್ಷಣ ದೋಷ ಕಾಣಿಸುತ್ತದೆ.

ಪುಸ್ತಕದ_ಕಪಾಟು · ಎರಡು ವಾರಗಳ ನಂತರ, ಸೋಮವಾರ, ಸಂಜೆ 5:26

ಕೆಲಸ ಮುಗಿಯಿತು. ವಿವರ ಹೇಳುವುದು ನನ್ನ ಕರ್ತವ್ಯ.

ಬ್ಯಾಡ್‌ಬ್ಲಾಕ್ಸ್ ಐದು ದಿನ ತೆಗೆದುಕೊಂಡಿತು, ಎರಡೂ ಡಿಸ್ಕ್‌ಗಳಲ್ಲಿ ದೋಷ ಸೊನ್ನೆ. ಹೊಸ ರೇಡ್‌ನ ಮೊದಲ ಸಿಂಕ್‌ಗೆ 13 ಗಂಟೆ. ನಡುವೆ ಒಮ್ಮೆ ಯಂತ್ರ ಆರಿಸಿ ಎಬ್ಬಿಸಿದಾಗ ಹೊಸ ಡಿಸ್ಕೇ ಎಸ್‌ಡಿಎ ಆಗಿಬಿಟ್ಟಿತ್ತು. ಟ್ರೇಯ ಚೀಟಿ ಇಲ್ಲದಿದ್ದರೆ ಯಾವುದಕ್ಕೆ ಯಾವ ಆಜ್ಞೆ ಕೊಡುತ್ತಿದ್ದೆನೋ ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ. ಮ್ಯೂನಿಕ್‌ನವರಿಗೆ ಋಣಿ. ಭಾನುವಾರ ಅನ್‌ಮೌಂಟ್ ಮಾಡಲು ಹೋದರೆ ಬಳಕೆಯಲ್ಲಿದೆ ಎಂದಿತು. ಯಾರು ಬಳಸುತ್ತಿದ್ದಾರೆಂದು ಫ್ಯೂಸರ್ ಆಜ್ಞೆಯಿಂದ ನೋಡಿದರೆ ನಾನೇ ಇನ್ನೊಂದು ಕಿಟಕಿಯಲ್ಲಿ ಅದೇ ಡೈರೆಕ್ಟರಿಯೊಳಗೆ ಇದ್ದೆ.

ಮುಖ್ಯ ಸಂಗತಿ ಬೇರೆಯೇ. ಹಳೆಯ ರೇಡ್‌ನ ಚೆಕ್‌ನಲ್ಲಿ ಮಿಸ್‌ಮ್ಯಾಚ್ ಎಣಿಕೆ ಸೊನ್ನೆ ಇರಲಿಲ್ಲ. ಚೆಕ್‌ಸಮ್ ತಾಳೆ ನೋಡಿದಾಗ ಎರಡು ಕಡತಗಳು ಹೊಂದಲಿಲ್ಲ. ಒಂದೇ ಕಡತವನ್ನು ಹಳೆಯ ರೇಡ್‌ನಿಂದ ಮತ್ತೆ ಮತ್ತೆ ಓದಿಸಿದರೆ ಕೆಲವೊಮ್ಮೆ ಒಂದು ಮೊತ್ತ, ಕೆಲವೊಮ್ಮೆ ಇನ್ನೊಂದು. ತುಂಗೆಯ ದಡದವರು ಹೇಳಿದ್ದೇ ಆಗಿತ್ತು: ಎರಡು ಡಿಸ್ಕ್‌ಗಳಲ್ಲಿ ಎರಡು ಬೇರೆ ಪ್ರತಿಗಳು. ಮೊದಲ ಕಡತ ಯುಎಸ್‌ಬಿ ಡಿಸ್ಕಿನಲ್ಲಿ ಹಿಂದಿನ ಬೇಸಿಗೆಯಿಂದಲೂ ಇತ್ತು, ಅದರ ಮೊತ್ತ ಎರಡರಲ್ಲಿ ಒಂದಕ್ಕೆ ಸರಿಯಾಗಿ ಹೊಂದಿತು, ಅದನ್ನೇ ಇಟ್ಟುಕೊಂಡೆ. ಎರಡನೆಯದು ಆಗಸ್ಟ್‌ನದು.

ಪತ್ರಾಗಾರ_ಪ್ರಿಯೆ · ಸಂಜೆ 5:40

ಆಗಸ್ಟ್‌ನದು ಹೋಯಿತೇ? ಮೂಲ ಕಾಗದ ಉಳಿದಿದೆಯೇ?

ಪುಸ್ತಕದ_ಕಪಾಟು · ಸಂಜೆ 5:52

ಉಳಿದಿದೆ ಮೇಡಂ. ತೆರೆದು ನೋಡಿದಾಗ ಪುಟದ ಕೆಳಗಿನ ಕಾಲುಭಾಗದಲ್ಲಿ ಅಡ್ಡಕ್ಕೆ ಬೂದು ಪಟ್ಟಿಯೊಂದು ಹರಿದಿತ್ತು, ಒಂದು ಪದ್ಯದ ಕೊನೆಯ ಐದು ಸಾಲುಗಳು ಅದರಡಿ ಮರೆಯಾಗಿದ್ದವು. ಇಂದು ಬೆಳಿಗ್ಗೆ ಕಪಾಟಿನಿಂದ ಸಂಪುಟ ಇಳಿಸಿ ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಅಂಚು ಪುಡಿಯಾಗುತ್ತಿದೆ, ಅಡಿಯಲ್ಲಿ ಬೆಣ್ಣೆಕಾಗದ ಇಟ್ಟು ಎತ್ತಿದೆ.

ಲಿಪಿಕಾರ · ಸಂಜೆ 6:05

ಹಳೆಯ ಸ್ಕ್ಯಾನ್ ವಾಲ್ಯೂಮನ್ನು ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಅಳಿಸಿ ರೂಟ್‌ಗೆ ಜಾಗ ಕೊಡಬಹುದು. ಎರಡು ಹಳೆಯ ಡಿಸ್ಕ್‌ಗಳಲ್ಲಿ ತಪ್ಪು ಪ್ರತಿ ಯಾವುದರಲ್ಲಿತ್ತು ಎಂದು ಗೊತ್ತಾಯಿತೇ? ರೂಟ್ ಇನ್ನೂ ಅದರ ಮೇಲೆಯೇ ಇದೆ.

ಪುಸ್ತಕದ_ಕಪಾಟು · ಸಂಜೆ 6:18

ಒಂದರ ಸ್ಮಾರ್ಟ್ ವರದಿಯಲ್ಲಿ ಬಾಕಿ ಸೆಕ್ಟರ್‌ಗಳು 8, ಓಡಿದ ಗಂಟೆ 51 ಸಾವಿರ ದಾಟಿದೆ. ಇನ್ನೊಂದು ಸ್ವಚ್ಛವಾಗಿದೆ. ಆ 8 ಇರುವುದೇ ಎಂದು ನನ್ನ ಅನುಮಾನ.

ಹುಬ್ಬಳ್ಳಿ_ಅಡ್ಮಿನ್ · ಸಂಜೆ 6:21

ಅದಕ್ಕೆ ಬದಲಿ ಡಿಸ್ಕ್ ಈ ವಾರವೇ ತರಿಸಿ. ಗ್ರಬ್ ಇನ್ನೊಂದರಲ್ಲೂ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಟ್ರೇಗೆ ಕೈ ಹಾಕಿ.

ಪುಸ್ತಕದ_ಕಪಾಟು · ಸಂಜೆ 6:44

ಇರಲಿಲ್ಲ. ಈಗ ಹಾಕಿದೆ. ಡಿಸ್ಕಿಗೆ ಪ್ರಾಂಶುಪಾಲರ ಸಹಿಯೂ ಆಯಿತು.